ಅಜ್ಜನ ಜೀವನಚರಿತ್ರೆ ಬರೆಯುತ್ತಿರುವ ತಂಗಿಗೆ

ಮಾಟುಂಗಾ, ಮುಂಬಯಿ

ಪ್ರೀತಿಯ ತಂಗಿಗೆ ಆಶೀರ್ವಾದಗಳು.

ಪುಣೆಯಿಂದ ನೀನು ಕಳುಹಿಸಿದ ಹಸ್ತಪ್ರತಿಯನ್ನೂ ಜೊತೆಗಿದ್ದ ಕಾಗದವನ್ನೂ ಓದಿದೆ. ಅಜ್ಜನ ವರ್ಷಾಂತಿಕದೊಳಗೆ ಪುಸ್ತಕ ಬರಬೇಕೆಂದು ಮನೆಯವರು ಅವಸರಪಡಿಸುತ್ತಿದ್ದಾರೆ. ವಾಯುಪಡೆಯ ಭಾಗವಷ್ಟೇ ಇರಲಿ, ಪಂಪ್‌ಸೆಟ್ ಮಾರುತ್ತ ಊರೂರು ಅಲೆದದ್ದನ್ನೆಲ್ಲ ಬರೆದು ಮನೆತನದ ಮರ್ಯಾದೆ ಕಳೆಯಬೇಡ ಎಂದು ದೊಡ್ಡಪ್ಪ ಹೇಳಿದ್ದಾರೆ. ಇನ್ನು ನನ್ನಿಂದ ಒಂದು ಸಾಲೂ ಆಗದು ಎಂದು ನೀನು ಬರೆದಿದ್ದೀಯೆ. ಆ ಕೊನೆಯ ಮಾತು ಓದಿ ಸಂಕಟವಾಯಿತು. ಅಧ್ಯಾಯಗಳ ವಿಂಗಡಣೆ, ಪ್ರಕಾಶಕರು, ಮುನ್ನುಡಿ ಯಾರಿಂದ ಬರೆಸಬೇಕು ಎಂಬ ಪ್ರಶ್ನೆಗಳನ್ನೆಲ್ಲ ಸದ್ಯಕ್ಕೆ ಬದಿಗಿಡು.

ನಿನ್ನ ಅಜ್ಜ ದೊಡ್ಡ ಮಾತುಗಾರರು. ಸೊಲ್ಲಾಪುರದ ರೈಲು ಹತ್ತಿದರೆ ದೌಂಡ್ ಬರುವಷ್ಟರಲ್ಲಿ ಎದುರು ಕುಳಿತವರ ಊರು, ಬೆಳೆ, ಮಕ್ಕಳ ಮದುವೆ ಎಲ್ಲವನ್ನೂ ತಿಳಿದುಕೊಂಡಿರುತ್ತಿದ್ದರು ಎಂದು ಬರೆದಿದ್ದೀಯೆ. ಇಂಥವರನ್ನು ಕುರಿತು ಬರೆಯುವುದು ಬಹಳ ಕಷ್ಟ, ಏಕೆಂದರೆ ತಮ್ಮ ಕಥೆಯನ್ನು ಅವರೇ ಹೇಳಿ ಹೇಳಿ ನಯಗೊಳಿಸಿಬಿಟ್ಟಿರುತ್ತಾರೆ. ನಿನ್ನ ಹಸ್ತಪ್ರತಿಯಲ್ಲಿರುವುದೆಲ್ಲ ಅಜ್ಜನ ಬಾಯಿಂದಲೇ ಬಂದದ್ದು. ಅಸ್ಸಾಮಿನ ಜೋರ್ಹಾಟ್‌ನಿಂದ ಡಕೋಟಾ ಸಾಗಣೆ ವಿಮಾನದಲ್ಲಿ ಅಕ್ಕಿ, ಉಪ್ಪಿನ ಚೀಲಗಳನ್ನು ಒಯ್ದು ಗಡಿಯ ಠಾಣೆಗಳಿಗೆ ಕಣಿವೆಯ ಮೇಲಿನಿಂದ ಉದುರಿಸಿದ್ದನ್ನು ಚೆನ್ನಾಗಿಯೇ ಬರೆದಿದ್ದೀಯೆ. ಆದರೆ ತೆರೆದ ಬಾಗಿಲಲ್ಲಿ ನಿಂತು ಆ ಚೀಲಗಳನ್ನು ಹೊರಗೆ ತಳ್ಳಿದವರು ಯಾರು? ಅವರಿಗಾಗಿ ಒಂದು ವಾಕ್ಯವೂ ಇಲ್ಲ.

ಕೊಡಗಿನ ಸ್ಕ್ವಾಡ್ರನ್ ಲೀಡರ್ ದೇವಯ್ಯನವರ ಸಂಗತಿ ನಿನಗೆ ತಿಳಿದಿರಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಅವರ ಮಿಸ್ಟೇರ್ ವಿಮಾನ ಹಿಂತಿರುಗಲಿಲ್ಲ. ತಮ್ಮದಕ್ಕಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದುರುಳಿಸಿದ್ದರೆಂಬುದು ನಮ್ಮವರಿಗೆ ವರ್ಷಗಟ್ಟಲೆ ಗೊತ್ತೇ ಇರಲಿಲ್ಲ. ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ವಿದೇಶಿ ಲೇಖಕನೊಬ್ಬ ಬರೆದ ಮೇಲೆ ವಿಷಯ ಹೊರಬಂದು, 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಅವರ ಶೌರ್ಯಕ್ಕೆ ಸಾಕ್ಷಿ ಸಿಕ್ಕಿದ್ದು ಎದುರಾಳಿಯ ಪಾಳೆಯದಲ್ಲಿ. ನಿನ್ನ ಅಜ್ಜನ ಬದುಕಿನ ಸಾಕ್ಷಿಗಳೂ ನಿಮ್ಮ ಮನೆಯ ಹೊರಗಿದ್ದಾರೆ.

ಈಗ ದೊಡ್ಡಪ್ಪ ಬೇಡವೆಂದ ಭಾಗಕ್ಕೆ ಬರುತ್ತೇನೆ. 1972ರ ಬರಗಾಲದಲ್ಲಿ ಮಹಾರಾಷ್ಟ್ರದ ಗಡಿಭಾಗದ ಜತ್ತ, ಅಕ್ಕಲಕೋಟೆಯ ಕಡೆ ಪಂಪು ಮಾರಲು ಹೋದಾಗ, ಅಜ್ಜ ಮೊದಲು ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟು, ಮೇಲೆಳೆದು, ಒದ್ದೆಯಾಗದೆ ಉಳಿದ ಹಗ್ಗವನ್ನು ಮೊಳ ಹಾಕಿ ಅಳೆಯುತ್ತಿದ್ದರೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀಯೆ. ಅಲ್ಲಿ ನಿಲ್ಲಬೇಕಿತ್ತು, ತಂಗಿ! ಬಾವಿಯ ದಡದ ಮೇಲಿಟ್ಟ ಪಂಪಿಗೆ ನೀರು ಏರುವುದು ಹೊರಗಿನ ಗಾಳಿಯ ಒತ್ತಡದಿಂದ. ಹಾಗೆ ಏರಬಲ್ಲ ಎತ್ತರ ಲೆಕ್ಕದಲ್ಲಿ 10 ಮೀಟರ್, ವ್ಯವಹಾರದಲ್ಲಿ 7 ಮೀಟರಿನ ಆಸುಪಾಸು. ನೀರು ಅದಕ್ಕಿಂತ ಆಳಕ್ಕೆ ಇಳಿದರೆ ಎಷ್ಟು ಅಶ್ವಶಕ್ತಿಯ ಎಂಜಿನ್ ಕೂರಿಸಿದರೂ ವ್ಯರ್ಥ, ಪಂಪನ್ನೇ ಬಾವಿಯೊಳಗೆ ಇಳಿಸಬೇಕಾಗುತ್ತದೆ. ವಿಮಾನದ ಆಲ್ಟಿಮೀಟರ್ ಎತ್ತರ ತೋರಿಸುವುದೂ ಇದೇ ಗಾಳಿಯ ಒತ್ತಡವನ್ನು ಅಳೆದು. ಆ ಮುಳ್ಳನ್ನು ನಂಬಿ ಬೆಟ್ಟಗಳ ನಡುವೆ ಹಾರಿದವರು, ಬಾವಿಯ ಕಟ್ಟೆಯ ಮೇಲೆ ಕುಳಿತು, ಈ ಪಂಪು ನಿನಗೆ ಉಪಯೋಗಕ್ಕೆ ಬಾರದು ಎಂದು ರೈತನಿಗೆ ಹೇಳಿ ಎದ್ದು ಬಂದರಲ್ಲ, ಅಲ್ಲಿ ಪೈಲಟ್ಟೂ ಸೇಲ್ಸ್‌ಮನ್ನೂ ಒಬ್ಬರೇ ಆಗಿದ್ದರು. ನೀನು ಅವರನ್ನು ಬೇರೆ ಬೇರೆ ಅಧ್ಯಾಯಗಳಿಗೆ ಹಂಚಿಬಿಟ್ಟೆ.

ಈ ವಿಷಯದಲ್ಲಿ ನನಗೆ ಹಳೆಯ ಸಿಟ್ಟೊಂದಿದೆ. ತೀರಿಕೊಂಡ ಗೆಳೆಯನ ಸಂಸ್ಮರಣ ಗ್ರಂಥಕ್ಕೆ, ಅವನು ಸೀರೆಯ ಗಂಟು ಹೊತ್ತು ಮನೆಮನೆಗೆ ಹೋಗಿ ಮಾರುತ್ತಿದ್ದ, ಆ ಭಾರಕ್ಕೆ ಅವನ ಎಡಹೆಗಲು ಕೊನೆಯವರೆಗೂ ತಗ್ಗಿಯೇ ಇತ್ತು ಎಂದು ಬರೆದುಕೊಟ್ಟಿದ್ದೆ. ಇಲ್ಲಿನ ಸಂಘವೊಂದು ಅದನ್ನು ಹೊಡೆದುಹಾಕಿ ‘ಯಶಸ್ವಿ ಉದ್ಯಮಿ’ ಎಂದು ಅಚ್ಚು ಹಾಕಿಸಿತು. ಆ ಹೆಗಲನ್ನು ಕಂಡವರು ಈಗ ಹೆಚ್ಚು ಮಂದಿ ಉಳಿದಿಲ್ಲ. ಆದ್ದರಿಂದ ನಿನ್ನ ಹಸ್ತಪ್ರತಿಯಲ್ಲಿ ‘ಅಜಾತಶತ್ರು’, ‘ಸದಾ ಹಸನ್ಮುಖಿ’ ಎಂಬ ಪದಗಳನ್ನು ಕಂಡಾಗ ನನಗೆ ತಾಳ್ಮೆ ಉಳಿಯಲಿಲ್ಲ. ಅವನ್ನು ಇಂದೇ ಹೊಡೆದುಹಾಕು.

ಅಜ್ಜನ ಆರ್ಡರ್ ಪುಸ್ತಕ ನಿನ್ನಲ್ಲಿದೆಯೆಂದು ಬರೆದಿದ್ದೀಯೆ. ಅದರಲ್ಲಿರುವ ಊರುಗಳಿಗೆ ಹೋಗು. ಜತ್ತದ ಪೂರ್ವಭಾಗದಲ್ಲಿ ಇಂದಿಗೂ ಕನ್ನಡವೇ ಮನೆಮಾತು, ನಿನಗೆ ತೊಂದರೆಯಾಗದು. ಪಂಪು ಕೊಂಡವರ ಮಕ್ಕಳನ್ನು ಹುಡುಕಿ ಮಾತನಾಡಿಸು. ಪಂಪು ಕೊಂಡ ಮೇಲೆ ಬಾವಿ ಬತ್ತಿ, ಕಂತು ಕಟ್ಟಲಾಗದೆ ಹೊಲ ಅಡವಿಟ್ಟವರೂ ಇದ್ದಿರಬಹುದು. ಅಂಥವರು ಅಜ್ಜನ ಬಗ್ಗೆ ಕಹಿಯಾಗಿ ಮಾತನಾಡಿದರೆ ಎದುರಾಡಬೇಡ, ಅವರ ಮಾತಿನಲ್ಲಿಯೇ ಬರೆದುಕೊಂಡು ಬಾ. ನಿನಗೆ ಅಜ್ಜನ ಮೇಲಿರುವ ಪ್ರೀತಿ ಅದನ್ನು ತಾಳಿಕೊಳ್ಳುವಷ್ಟು ಗಟ್ಟಿಯಾದದ್ದು ಎಂದು ನಿನ್ನ ಕಾಗದ ಓದಿದ ನನಗೆ ನಂಬಿಕೆಯಿದೆ.

ವರ್ಷಾಂತಿಕದ ಹೊತ್ತಿಗೆ ಪುಸ್ತಕ ಸಿದ್ಧವಾಗುವುದಿಲ್ಲವೆಂದು ದೊಡ್ಡಪ್ಪನವರಿಗೆ ಈಗಲೇ ಹೇಳಿಬಿಡು. ಬೇಕಿದ್ದರೆ ಈ ಕಾಗದವನ್ನು ಅವರಿಗೆ ತೋರಿಸು. ಊರುಗಳಿಂದ ಬಂದ ಮೇಲೆ, ತಿದ್ದದೆ, ಬರೆದುಕೊಂಡದ್ದನ್ನು ಹಾಗೆಯೇ ನನಗೆ ಕಳುಹಿಸು.

ನಿನ್ನ ಹಿತೈಷಿ