ಲಾಕ್‌ಹಾರ್ಟ್ ಹೇಳಿದ್ದನ್ನೆಲ್ಲ ನಂಬಬೇಡ

ಪ್ರೀತಿಯ ತಮ್ಮಾ,

ಬ್ರಿಟನ್ನಿನ ರಾಜತಾಂತ್ರಿಕ ಬ್ರೂಸ್ ಲಾಕ್‌ಹಾರ್ಟ್ ಬಗ್ಗೆ ನೀನು ಬರೆದದ್ದನ್ನು ಒಂದೇ ಪಟ್ಟಿಗೆ ಕೂತು ಓದಿದೆ. ಓಟ ಚೆನ್ನಾಗಿದೆ. ಆದರೆ ಅವನ ಮಾತನ್ನು ಜಾಸ್ತಿಯೇ ನಂಬಿದ್ದೀಯ.

1918ರ ಜನವರಿಯಲ್ಲಿ ಬ್ರಿಟನ್ ಅವನನ್ನು ರಷ್ಯಾಕ್ಕೆ ಕಳಿಸಿದ್ದು ಆಗಷ್ಟೇ ಅಧಿಕಾರ ಹಿಡಿದಿದ್ದ ಲೆನಿನ್‌ನ ಬೋಲ್ಶೆವಿಕರ ಜೊತೆ ಮಾತುಕತೆಗೆ. ಬೇಸಿಗೆ ಮುಗಿಯುವಷ್ಟರಲ್ಲಿ ಆ ಸರ್ಕಾರವನ್ನೇ ಉರುಳಿಸುವ ಸಂಚಿನಲ್ಲಿ ಅವನ ಹೆಸರಿತ್ತು. ದುಡ್ಡು ಕೊಟ್ಟು ಲಾಟ್ವಿಯಾದ ಸೈನಿಕರನ್ನು ಎತ್ತಿಕಟ್ಟುವ ಲೆಕ್ಕಾಚಾರ. ದುಡ್ಡು ಈಸಿಕೊಂಡ ಲಾಟ್ವಿಯಾದ ಸೇನಾಧಿಕಾರಿ ಬೆರ್ಜಿನ್, ಬೋಲ್ಶೆವಿಕರ ಗುಪ್ತ ಪೊಲೀಸ್ ಪಡೆ ಚೆಕಾದ ಕಡೆಯವನೇ ಆಗಿದ್ದ! ಆಗಸ್ಟ್ 30ಕ್ಕೆ ಲೆನಿನ್ ಮೇಲೆ ಗುಂಡು ಹಾರಿತು. ಅದರ ಬೆನ್ನಿಗೇ ಲಾಕ್‌ಹಾರ್ಟ್‌ನನ್ನು ಮಾಸ್ಕೋದ ಚೆಕಾ ಕಚೇರಿ ಲುಬ್ಯಾಂಕಾಗೆ ಎಳೆದೊಯ್ದರು.

ಅಲ್ಲಿ ಜೇಬಿಗೆ ಕೈ ಹಾಕಿದರೆ ಪುಟ್ಟ ನೋಟ್‌ಬುಕ್. ಅದರಲ್ಲಿ ಹಂಚಿದ ದುಡ್ಡಿನ ಲೆಕ್ಕ. ಪಾಯಿಖಾನೆಗೆ ಹೋಗಬೇಕು ಅಂದ. ಕಾವಲಿನವರು ಬಾಗಿಲು ಹಾಕಲು ಬಿಡಲಿಲ್ಲ. ಒಳಗೆ ಕಾಗದ ಇರಲಿಲ್ಲ. ಅವರ ಕಣ್ಣೆದುರೇ ಆ ಹಾಳೆಗಳನ್ನು ಹರಿದು, ಒರೆಸಿಕೊಂಡು, ನೀರು ಬಿಟ್ಟ. ಸೊಗಸಾದ ಪ್ರಸಂಗ, ಅಲ್ವಾ? ಆದರೆ ಇದನ್ನು ಹೇಳುವವನು ಯಾರು? ಅವನೇ. 'ಅವನು ಹೇಳುವಂತೆ' ಅಂತ ಸೇರಿಸು, ಸಾಕು.

ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಸೆರೆಯಲ್ಲಿದ್ದ ಬೋಲ್ಶೆವಿಕ್ ಪ್ರತಿನಿಧಿ ಲಿಟ್ವಿನೋವ್‌ನನ್ನು ಬಿಟ್ಟುಕೊಟ್ಟು ಇವನನ್ನು ಬಿಡಿಸಿಕೊಂಡರು. 1932ರ ಆತ್ಮಕತೆಯಲ್ಲಿ ಸಂಚಿನ ಹೊಣೆಯನ್ನೆಲ್ಲ ಬ್ರಿಟಿಷ್ ಗೂಢಚಾರ ಸಿಡ್ನಿ ರೈಲಿ ತಲೆಗೆ ಕಟ್ಟಿ, ತಾನು ಪಕ್ಕಕ್ಕೆ ಸರಿದ. ಅಪ್ಪ ಹೊರಗೆ ಹೇಳಿದ್ದಕ್ಕಿಂತ ರೈಲಿ ಜೊತೆ ಹೆಚ್ಚು ಹತ್ತಿರದಿಂದ ಕೆಲಸ ಮಾಡಿದ್ದ ಅಂತ ಆಮೇಲೆ ಹೇಳಿದ್ದು ಅವನ ಮಗನೇ.

ಎರಡನೇ ಮಹಾಯುದ್ಧದ ಭಾಗಕ್ಕೆ ನೀನು ಕೊಟ್ಟಿರುವುದು ಬರೀ ಮೂರು ಸಾಲು. ಅಲ್ಲೇ ಇರುವುದು ಕೀಲಿಕೈ. 1941ರಿಂದ ಬ್ರಿಟನ್ನಿನ ಯುದ್ಧಪ್ರಚಾರ ಇಲಾಖೆ ಇವನ ಕೈಯಲ್ಲಿತ್ತು. ಅದರ ನೆರಳಲ್ಲಿ ಸೆಫ್ಟನ್ ಡೆಲ್ಮರ್ ಎಂಬಾತ ನಕಲಿ ಜರ್ಮನ್ ರೇಡಿಯೋ ನಡೆಸುತ್ತಿದ್ದ. ಒಳ್ಳೆಯ ಸಂಗೀತ, ಫುಟ್‌ಬಾಲ್ ಸುದ್ದಿ, ಬಾಂಬ್ ಬಿದ್ದ ಬೀದಿಗಳ ಸರಿಯಾದ ಹೆಸರು. ತನ್ನ ಮನೆ ಇದ್ದ ಬೀದಿಯ ಹೆಸರು ಕಿವಿಗೆ ಬಿದ್ದ ಸೈನಿಕ ಮುಂದೆ ಬರುವ ಸುಳ್ಳನ್ನೂ ನಂಬುತ್ತಿದ್ದ. ಇಂಥ ಅಂಗಡಿಯ ಯಜಮಾನನಿಗೆ ಸಣ್ಣ ವಿವರದ ತಾಕತ್ತು ಗೊತ್ತಿರಲಿಲ್ಲ ಅಂತೀಯಾ? ಆ ನೋಟ್‌ಬುಕ್ಕಿನ ಪ್ರಸಂಗವನ್ನು ಈಗ ಇನ್ನೊಮ್ಮೆ ಓದು.

ಒಂದು ಕಡೆ ಮಾತ್ರ ನಾನೂ ಅವನನ್ನು ನಂಬುತ್ತೇನೆ. ಇವನ ಗುರುತು ಹಿಡಿಯಲಿ ಅಂತ, ಲೆನಿನ್ ಮೇಲೆ ಗುಂಡು ಹಾರಿಸಿದಳೆಂದು ಸೆರೆಹಿಡಿದಿದ್ದ ಫಾನ್ಯಾ ಕಪ್ಲಾನ್‌ಳನ್ನು ಕೋಣೆಗೆ ತಂದರಂತೆ. ಅವಳು ಇವನ ಕಡೆ ತಿರುಗಲೂ ಇಲ್ಲ, ಗದ್ದಕ್ಕೆ ಕೈಕೊಟ್ಟು ಕಿಟಕಿಯಾಚೆ ನೋಡುತ್ತಿದ್ದಳಂತೆ. ಇಲ್ಲಿ ಅವನಿಗೆ ಮೆರೆಯಲು ಏನೂ ಇಲ್ಲ ನೋಡು. ಈ ಭಾಗ ನಿನ್ನ ಬರಹದಲ್ಲಿ ಇಲ್ಲವೇ ಇಲ್ಲ. ಮೌರಾ ಜೊತೆಗಿನ ಪ್ರೇಮದ ಪುಟಗಳನ್ನು ಅರ್ಧಕ್ಕೆ ಇಳಿಸಿದರೆ ಇದಕ್ಕೆ ಜಾಗ ಸಿಗುತ್ತದೆ.

ತಿದ್ದಿ ಕಳಿಸು, ಅವಸರ ಏನಿಲ್ಲ.

ನಿನ್ನ ಅಣ್ಣ