ಧೂಳಿನಲ್ಲಿ ಉಳಿದ ಜಾಡು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ನಮ್ಮ ಭೂಮಿಯಂಥದ್ದು ಇನ್ನೊಂದು ಸಿಕ್ಕಿತೇನೋ?" ಅಂತ. ಅವಸರದಲ್ಲಿ "ಇನ್ನೂ ಇಲ್ಲ ಕಣೋ" ಅಂದುಬಿಟ್ಟೆ. ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ.

ದೂರದಿಂದ ನೋಡುವವರಿಗೆ ಭೂಮಿಯ ಬೆಳಕು ಸೂರ್ಯನದಕ್ಕಿಂತ ಸುಮಾರು ಸಾವಿರ ಕೋಟಿ ಪಟ್ಟು ಮಂದ. ಭೂಮಿಗಿಂತ ಎಷ್ಟೋ ಹೆಚ್ಚು ಬೆಳಗುವುದು ಸೂರ್ಯನ ಸುತ್ತಲಿರುವ ಧೂಳು: ಧೂಮಕೇತುಗಳು ಉದುರಿಸಿದ್ದು, ಕ್ಷುದ್ರಗ್ರಹಗಳು ಡಿಕ್ಕಿ ಹೊಡೆದು ಪುಡಿಯಾದದ್ದು. ಬೇರೆ ನಕ್ಷತ್ರಗಳ ಸುತ್ತಲೂ ಧೂಳಿದೆ. ಅದು ಗ್ರಹಗಳನ್ನು ಮರೆಮಾಡುವ ಪರದೆ ಅಂತಲೇ ಬಹಳ ದಿನ ನಂಬಿದ್ದೆ.

ನಿಮ್ಮ ಹೊಲದ ಕಣ ನೆನಪಿದೆಯಾ? ಸಂಜೆ ರೋಣಗಲ್ಲಿನಿಂದ ಎತ್ತು ಬಿಚ್ಚಿ ಕೊಟ್ಟಿಗೆಗೆ ಕಟ್ಟಿದ ಮೇಲೂ ಅದು ಸುತ್ತಿದ ಜಾಡು ಹಾಗೇ ಇರುತ್ತಿತ್ತು. ಗ್ರಹವೂ ಧೂಳಿನಲ್ಲಿ ಹಾಗೇ ಜಾಡು ಬಿಡಬಲ್ಲದು. ಬೀಟಾ ಪಿಕ್ಟೋರಿಸ್ ನಕ್ಷತ್ರದ ಧೂಳಿನ ತಟ್ಟೆಯ ಚಿತ್ರ ಸಿಕ್ಕಿದ್ದು 1984ರಲ್ಲಿ. ಆ ತಟ್ಟೆಯ ಒಳಭಾಗ ಸ್ವಲ್ಪ ಸೊಟ್ಟಗಿರುವುದು ಆಮೇಲೆ ಕಂಡಿತು. ಯಾವುದೋ ಗ್ರಹ ಎಳೆಯುತ್ತಿರಬೇಕು ಅಂತ ಲೆಕ್ಕ ಹಾಕಿದರು. 2003ರಲ್ಲಿ ಚಿಲಿಯ ದೊಡ್ಡ ದೂರದರ್ಶಕ ತೆಗೆದಿದ್ದ ಚಿತ್ರಗಳಲ್ಲೇ ಆ ಗ್ರಹ ಸಿಕ್ಕಿತು! ಆದರೆ ಅದು ಗುರುವಿಗಿಂತ ದೊಡ್ಡ ದೈತ್ಯ.

ಪುಟ್ಟ ಗ್ರಹಕ್ಕೂ ಜಾಡು ಬಿಡುವ ಶಕ್ತಿಯಿದೆಯಾ? ಉತ್ತರ ನಮ್ಮ ಕಾಲ ಕೆಳಗೇ ಇದೆ. ಬಿಸಿಲಿನ ಪ್ರಭಾವಕ್ಕೆ ಧೂಳಿನ ಕಣಗಳು ವೇಗ ಕಳೆದುಕೊಳ್ಳುತ್ತಾ ಸೂರ್ಯನತ್ತ ಸುರುಳಿ ಸುತ್ತಿ ಇಳಿಯುತ್ತವೆ. ದಾರಿಯಲ್ಲಿ ಕೆಲವನ್ನು ಭೂಮಿಯ ಗುರುತ್ವ ಹಿಡಿದು, ತನ್ನ ಕಕ್ಷೆಯ ಬಳಿ ಬಹಳ ಕಾಲ ಇರಿಸಿಕೊಳ್ಳುತ್ತದೆ. ಹಾಗೆ ಆದ ಉಂಗುರ ಭೂಮಿಯ ಬೆನ್ನ ಹಿಂದೆ ಇನ್ನಷ್ಟು ದಟ್ಟ. 1990ರ ದಶಕದಲ್ಲಿ ನಾಸಾದ ಕೋಬೆ ಉಪಗ್ರಹದ ಮಾಹಿತಿ ಇದನ್ನು ಖಚಿತಪಡಿಸಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಕಣೋ. ನಾವು ಹೋಗುವ ದಾರಿಯಲ್ಲೆಲ್ಲ ಗುರುತು ಬಿಟ್ಟುಕೊಂಡೇ ಹೋಗುತ್ತಿದ್ದೇವೆ!

ಬೇರೆ ಸೂರ್ಯನ ಸುತ್ತ ಇಂಥ ಉಂಗುರ ಇನ್ನೂ ಕಂಡಿಲ್ಲ. ಧೂಳು ಮೋಸವನ್ನೂ ಮಾಡುತ್ತದೆ: 25 ಜ್ಯೋತಿರ್ವರ್ಷ ದೂರದ ಫೋಮಲ್‌ಹಾಟ್ ನಕ್ಷತ್ರದ ಬಳಿ 2008ರಲ್ಲಿ ಗ್ರಹವೆಂದು ಸಾರಿದ ಚುಕ್ಕೆ ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಹರಡುತ್ತಾ, ಮಸುಕಾಗುತ್ತಾ ಹೋಯಿತು. ಅದು ಡಿಕ್ಕಿಯಿಂದೆದ್ದ ಧೂಳಿನ ಮೋಡವೇ ಇರಬೇಕೆಂದು 2020ರಲ್ಲಿ ಹೇಳಿದರು. ಭರವಸೆಯ ಸುದ್ದಿಯೂ ಅದೇ ವರ್ಷ ಬಂತು. ಅರಿಜೋನಾದ ಜೋಡಿಗನ್ನಡಿ ದೂರದರ್ಶಕದಿಂದ 38 ನಕ್ಷತ್ರಗಳನ್ನು ಪರೀಕ್ಷಿಸಿದವರ ಅಂದಾಜಿನಂತೆ, ಸೂರ್ಯನಂಥವುಗಳ ಸುತ್ತ ಸಾಮಾನ್ಯವಾಗಿ ಇರುವ ಧೂಳು ನಮ್ಮಲ್ಲಿರುವುದರ ಮೂರು ಪಟ್ಟಿನಷ್ಟು. ಅಷ್ಟೇ ಇದ್ದರೆ ಮುಂದಿನ ದೂರದರ್ಶಕಗಳು ಭೂಮಿಯಂಥ ಗ್ರಹಗಳನ್ನು ಹುಡುಕಬಲ್ಲವು.

ಫೆಬ್ರವರಿಯ ಅಮಾವಾಸ್ಯೆ ಹೊತ್ತಿಗೆ ಊರಿಗೆ ಹೋಗುತ್ತೀಯಲ್ಲ? ಸೂರ್ಯ ಮುಳುಗಿ ಒಂದೂಕಾಲು ಗಂಟೆ ಬಿಟ್ಟು, ಬೀದಿದೀಪವಿಲ್ಲದ ಕಡೆ ನಿಂತು ಪಡುವಣಕ್ಕೆ ನೋಡು. ದಿಗಂತದಿಂದ ಗೋಪುರದಂತೆ ಮೇಲೇಳುವ ಮಂಕು ಬೆಳಕೇ ಆ ಧೂಳು. ಆಮೇಲೆ ನೆತ್ತಿಯ ಕಡೆ ಮುಖ ಎತ್ತು. ಭೂಮಿ ಬಂದ ದಾರಿ ಅತ್ತಲೇ. ಅಲ್ಲಿರುವ ದಟ್ಟಣೆ ಬರಿಗಣ್ಣಿಗೆ ಕಾಣುವುದಿಲ್ಲ. ಆದರೂ ನೋಡು, ನೋಡಿ ನನಗೆ ಬರೆ.

ನಿನ್ನ ಗೆಳೆಯ