ಚಿಟ್ಟೆಯ ಆ ಸುಳ್ಳು ಕಥೆ ನಿಲ್ಲಿಸಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ, ನಮಸ್ಕಾರ.

ನಾನು ರಾಮನಗರದ ಕಡೆಯವಳು, ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದವಳು. ಚಿಟ್ಟೆಯ ಆ ಕಥೆಯನ್ನು ಇಷ್ಟು ವರ್ಷ ಸುಮ್ನೆ ಕೇಳಿಸಿಕೊಂಡೆ. ಇನ್ನು ಆಗುವುದಿಲ್ಲ.

ಕಥೆ ನಿಮಗೂ ಗೊತ್ತಿರುತ್ತದೆ. ಗೂಡಿನಿಂದ ಹೊರಬರಲು ಚಿಟ್ಟೆ ಒದ್ದಾಡುತ್ತದೆ. ಯಾರೋ ಕನಿಕರಪಟ್ಟು ಗೂಡು ಕತ್ತರಿಸುತ್ತಾರೆ. ಅದು ಜನ್ಮವಿಡೀ ಹಾರುವುದೇ ಇಲ್ಲ. ಇಕ್ಕಟ್ಟಿನಲ್ಲಿ ನುಸುಳಿದರೆ ಮಾತ್ರ ರೆಕ್ಕೆಗೆ ರಸ ಇಳಿಯುತ್ತದಂತೆ. ಈ ಕಥೆ ನಿಲ್ಲಿಸಿ ಸ್ವಾಮಿ.

ನಾಲ್ಕನೇ ಕ್ಲಾಸಿನ ನನ್ನ ಮಗನಿಗೆ ಮಾತು ತಡವರಿಸುತ್ತದೆ. ಹೋದ ತಿಂಗಳು ಶಾಲೆಯಲ್ಲಿ ಪದ್ಯ ಹೇಳಲು ನಿಂತ. ಮೊದಲ ಸಾಲಿಗೇ ಸಿಕ್ಕಿಕೊಂಡ. ಪಕ್ಕದ ಹುಡುಗಿ ಮೆಲ್ಲಗೆ ಒಂದು ಪದ ಹೇಳಿಕೊಟ್ಟಳು. ಮೇಷ್ಟ್ರು ಅವಳನ್ನು ಗದರಿ ಕೂರಿಸಿದರು. 'ಚಿಟ್ಟೆ ಕಥೆ ಮರೆತೆಯಾ? ಅವನೇ ಒದ್ದಾಡಿ ಬರಲಿ' ಎಂದರು. ಬೆಲ್ ಹೊಡೆಯುವವರೆಗೂ ಅವನು ಚಡ್ಡಿಯ ಅಂಚು ಹಿಸುಕುತ್ತಾ ನಿಂತೇ ಇದ್ದ. ಆ ರಾತ್ರಿ ಊಟ ಮಾಡಲಿಲ್ಲ.

ಅದೇ ಹುಡುಗ ನಮ್ಮ ಕರಿಬೇವಿನ ಗಿಡದಲ್ಲಿ ಚಿಟ್ಟೆ ಬರುವುದನ್ನು ಕಣ್ಣಾರೆ ಕಂಡಿದ್ದಾನೆ. ಬ್ರಷ್ ಬಾಯಲ್ಲೇ ಇಟ್ಟುಕೊಂಡು ನೋಡುತ್ತಾ ನಿಂತಿದ್ದ. ಅಲ್ಲಿ ರೇಷ್ಮೆಗೂಡು ಎಲ್ಲಿತ್ತು? ತೆಳ್ಳನೆ ಸಿಪ್ಪೆಯ ಪ್ಯೂಪಾ, ಅಂದರೆ ಹುಳು ಚಿಟ್ಟೆಯಾಗುವ ಮುಂಚಿನ ಕೋಶ, ಅಷ್ಟೇ. ಅದು ಬಿರಿದು ಕೆಲವೇ ನಿಮಿಷಕ್ಕೆ ಚಿಟ್ಟೆ ಹೊರಗೆ. ರೆಕ್ಕೆ ಇನ್ನೂ ಒದ್ದೆ ಕಾಗದದ ಹಾಗೆ ಮುದುರಿತ್ತು. ಖಾಲಿ ಸಿಪ್ಪೆಗೇ ಜೋತುಬಿದ್ದು, ಮೈಯ ರಸವನ್ನು ರೆಕ್ಕೆಯ ನರಗಳಿಗೆ ತುಂಬಿಕೊಂಡಿತು. ರೆಕ್ಕೆ ಬಿಚ್ಚಿಕೊಂಡಿದ್ದು ಹೊರಗೆ ಬಂದ ಮೇಲೆ. ಆಗ ಅದಕ್ಕೆ ಜೋತುಬೀಳಲು ಜಾಗ ಬೇಕು. ಯಾರೂ ಮುಟ್ಟಬಾರದು.

ಗೂಡು ಕಟ್ಟುವುದು ನಮ್ಮ ರೇಷ್ಮೆಹುಳು. ಮುಂದಿನ ಸಾಕಣೆಗೆ ಬೇಕಾದ ಬಿತ್ತನೆ ಮೊಟ್ಟೆ ಮಾಡುವಲ್ಲಿ ಗೂಡನ್ನು ಬ್ಲೇಡಿನಲ್ಲಿ ಕೊಯ್ದು, ಪ್ಯೂಪಾ ತೆಗೆದು, ಗಂಡು ಹೆಣ್ಣು ಬೇರೆ ಮಾಡುತ್ತಾರೆ. ಅವುಗಳಿಂದಲೂ ರೆಕ್ಕೆ ಸರಿಯಾಗಿರುವ ಪತಂಗಗಳೇ ಬರುತ್ತವೆ. ಬಲಿಯದ ಪ್ಯೂಪಾದ ಸಿಪ್ಪೆಯನ್ನೇ ಕಿತ್ತರೆ ಸಾಯುತ್ತದೆ, ನಿಜ. ಅದು ಒಳಗಿನ ಬೆಳವಣಿಗೆ ಮುಗಿಯದ ತಪ್ಪು, ಒದ್ದಾಟ ಸಾಲದ ತಪ್ಪಲ್ಲ.

ವೈಜ್ಞಾನಿಕ ಮನೋಭಾವ ಬೆಳೆಸಬೇಕು ಎಂದು ಸಂವಿಧಾನದ 51ಎ ವಿಧಿ ಹೇಳುವುದು ನಿಮಗೆ ಗೊತ್ತೇ ಇದೆ. ಗೊತ್ತಿದ್ದೂ ಮಕ್ಕಳಿಗೆ ಇದನ್ನೇ ಹೇಳಿಕೊಡುವುದಾ?

ಕಷ್ಟಪಟ್ಟು ದುಡಿಯಬೇಕು ಅಂತ ಧಾರಾಳವಾಗಿ ಹೇಳಲಿ, ನನ್ನ ತಕರಾರಿಲ್ಲ. ಅದಕ್ಕೆ ಚಿಟ್ಟೆಯ ಮೇಲೆ ಸುಳ್ಳು ಹೇಳುವುದು ಬೇಡ. ಈ ಕಥೆ ಹೇಳಬಾರದು ಎಂದು ಎಲ್ಲ ಶಾಲೆಗಳಿಗೂ ಸುತ್ತೋಲೆ ಕಳಿಸಿ. ಒಂದೊಂದು ಶಾಲೆಯಲ್ಲೂ ಒಂದು ಕರಿಬೇವಿನ ಗಿಡ ಹಾಕಿಸಿ, ಮಕ್ಕಳೇ ನೋಡಲಿ. ತಡವರಿಸುವ ಮಗುವಿಗೆ ಒಂದು ಪದ ಹೇಳಿಕೊಟ್ಟರೆ ಯಾರೂ ಗದರದಿರಲಿ.

ಕಥೆ ನಿಲ್ಲಿಸಿ. ಸುತ್ತೋಲೆಗೆ ಕಾಯುತ್ತಿರುತ್ತೇನೆ.

ಇಂತಿ,
ರಾಮನಗರದ ಕಡೆಯ ಒಬ್ಬ ತಾಯಿ